‘ಬೇಯುವವರೆಗೆ ಬೇಯಿಸಿ’ ಅಂದರೆ ಸಾಲದು

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಭಾನುವಾರದ ಪುರವಣಿಯ ಅಡುಗೆ ಪುಟವನ್ನು ನಮ್ಮ ಮನೆಯಲ್ಲಿ ಕತ್ತರಿಸಿ ಇಟ್ಟುಕೊಳ್ಳುತ್ತೇವೆ. ಹಳೇ ಡೈರಿಯೊಂದಕ್ಕೆ ಅಂಟಿಸಿ ಅಂಟಿಸಿ ಅದು ಈಗ ಮುಚ್ಚೋಕೆ ಆಗದಷ್ಟು ದಪ್ಪ ಆಗಿದೆ. ಹಾಗಾಗಿ ಇದನ್ನು ಸಿಟ್ಟಿನ ಪತ್ರ ಅಂದುಕೊಳ್ಳಬೇಡಿ. ಆದರೂ ಒಂದು ಮಾತು ಹೇಳಲೇಬೇಕು. ಈಚೆಗೆ ನೀವು ಮನೆಯಲ್ಲೇ ಸ್ಟೇಕ್, ಅಂದರೆ ಕಾವಲಿ ಮೇಲೆ ಹುರಿದ ದಪ್ಪ ಮಾಂಸದ ತುಂಡಿನ ಊಟ, ಮಾಡುವುದು ಹೇಗೆ ಅಂತ ಅರ್ಧ ಪುಟ ಬರೆದಿದ್ದಿರಿ. ಫೋಟೊ ತುಂಬಾ ಚೆನ್ನಾಗಿತ್ತು. ಬೇಕಾಗುವ ಸಾಮಾನಿನ ಪಟ್ಟಿಯಲ್ಲಿ ರೋಸ್ಮರಿ ಸೊಪ್ಪು ಇತ್ತು, ಆಲಿವ್ ಎಣ್ಣೆ ಇತ್ತು, ನಮ್ಮ ಕೋಲಾರದ ಅಂಗಡಿಗಳಲ್ಲಿ ಕೇಳಿದರೆ ಮುಖ ನೋಡುವಂಥ ಇನ್ನೂ ಎರಡು ಮೂರು ಹೆಸರಿತ್ತು. ಮಾಂಸದ ವಿಷಯಕ್ಕೆ ಬಂದಾಗ ಮಾತ್ರ ಒಂದೇ ಸಾಲು: ಎರಡೂ ಕಡೆ ಬೇಯುವವರೆಗೆ ಬೇಯಿಸಿ.

ಅಷ್ಟೇನಾ? ಯಾವ ಭಾಗದ ಮಾಂಸ, ಎಷ್ಟು ದಪ್ಪ, ಉರಿ ಎಷ್ಟಿರಬೇಕು, ಉಪ್ಪು ಯಾವಾಗ ಹಾಕಬೇಕು, ಬೆಂದಿದೆ ಅಂತ ಗೊತ್ತಾಗುವುದು ಹೇಗೆ? ಒಂದೂ ಇಲ್ಲ. ಸಾರಿಗಾದರೆ ಆ ಒಂದು ಸಾಲು ಸಾಕು, ಯಾಕೆಂದರೆ ಕುಕ್ಕರ್‌ನಲ್ಲಿ ಇನ್ನೆರಡು ಕೂಗು ಜಾಸ್ತಿ ಕೂಗಿಸಿದರೆ ಏನೂ ಕೆಡುವುದಿಲ್ಲ. ದಪ್ಪ ತುಂಡನ್ನು ಕಾವಲಿ ಮೇಲೆ ಹಾಕಿ ಹತ್ತು ನಿಮಿಷದಲ್ಲಿ ಇಳಿಸುವ ಅಡುಗೆಗೆ ಆ ಒಂದು ಸಾಲಿನಲ್ಲೇ ಎಲ್ಲ ಇರುವುದು. ಅದನ್ನು ಬಿಟ್ಟು ರೋಸ್ಮರಿ ಬಗ್ಗೆ ಬರೆದರೆ ಓದಿದವರು ಒಂದು ಸಲ ಮಾಡಿ, ಚಪ್ಪಲಿ ಥರ ಆದ ಮಾಂಸ ತಿಂದು, ಇದೆಲ್ಲ ಹೋಟೆಲಿನವರಿಗೇ ಸರಿ ಅಂತ ಕೈಬಿಡುತ್ತಾರೆ. ನನಗೆ ಬೇಜಾರಾದದ್ದು ಅದಕ್ಕೆ.

ಈ ಅಡುಗೆ ನಮ್ಮ ಜಿಲ್ಲೆಗೆ ಹೊಸದಲ್ಲ. ನಾನು ಹುಟ್ಟಿ ಬೆಳೆದದ್ದು ಕೆಜಿಎಫ್‌ನಲ್ಲಿ. ಅಪ್ಪ ಚಾಂಪಿಯನ್ ರೀಫ್ ಚಿನ್ನದ ಗಣಿಯಲ್ಲಿ ಫಿಟ್ಟರ್ ಆಗಿದ್ದರು, ನಾವು ಕಾರ್ಮಿಕರ ಲೈನ್ ಮನೆಯಲ್ಲಿದ್ದೆವು. 1880ರಲ್ಲಿ ಜಾನ್ ಟೇಲರ್ ಕಂಪನಿ ಗಣಿ ಕೆಲಸ ಕೈಗೆ ತೆಗೆದುಕೊಂಡ ಮೇಲೆ ಎಲ್ಲೆಲ್ಲಿಂದಲೋ ಜನ ಬಂದು ಸೇರಿದ ಊರು ಅದು. ತಮಿಳರು, ತೆಲುಗರು, ನಾವು, ಮೇಲಿನ ರಸ್ತೆಯ ಬಂಗಲೆಗಳಲ್ಲಿ ಆಂಗ್ಲೋ ಇಂಡಿಯನ್ ಕುಟುಂಬಗಳು. ಅಂಥ ಒಂದು ಮನೆಯ ಆಂಟಿ ನಮ್ಮ ಅಮ್ಮನಿಗೆ ತುಂಬಾ ಬೇಕಾದವರಾಗಿದ್ದರು. ಭಾನುವಾರ ಮಧ್ಯಾಹ್ನ ಅವರ ಮನೆ ಮುಂದೆ ಹೋದರೆ ಕಾಳುಮೆಣಸು ಮತ್ತು ಬೆಣ್ಣೆ ಕಾದ ವಾಸನೆ ರಸ್ತೆವರೆಗೂ ಬರುತ್ತಿತ್ತು. ಪೆಪ್ಪರ್ ಸ್ಟೇಕ್ ಅನ್ನುತ್ತಿದ್ದರು. ಅವರು ಮಾಡುತ್ತಿದ್ದದ್ದು ದನದ ಮಾಂಸದಲ್ಲಿ, ಸ್ಟೇಕ್ ಅಂದರೆ ಮೂಲದಲ್ಲಿ ಅದೇ. ನಮ್ಮ ಮನೆಯಲ್ಲಿ ಅದನ್ನು ತಿನ್ನುವುದಿಲ್ಲ ಅಂತ ಅವರಿಗೆ ಗೊತ್ತಿತ್ತು. ಅದಕ್ಕೆ ಅಮ್ಮ ಕುರಿ ಮಾಂಸ ಕೊಟ್ಟು ಕಳಿಸಿದರೆ ಅದೇ ರೀತಿಯಲ್ಲಿ ಮಾಡಿ, ಜೊತೆಗೆ ಹುರಿದ ಆಲೂಗಡ್ಡೆ ಇಟ್ಟು ಸ್ಟೀಲ್ ಡಬ್ಬಿಯಲ್ಲಿ ಕಳಿಸುತ್ತಿದ್ದರು. ನಾನು ಆ ಡಬ್ಬಿಯನ್ನು ಎದೆಗೆ ಒತ್ತಿಕೊಂಡು ಇಳಿಜಾರಿನಲ್ಲಿ ಓಡಿ ಬರುತ್ತಿದ್ದೆ. ಬಿಸಿ ಇನ್ನೂ ನೆನಪಿದೆ.

ಇವತ್ತು ನಮ್ಮ ರಾಜ್ಯದಲ್ಲಿ 2020ರ ಕಾಯ್ದೆಯ ಪ್ರಕಾರ 13 ವರ್ಷ ದಾಟಿದ ಎಮ್ಮೆ, ಕೋಣ ಬಿಟ್ಟರೆ ಬೇರೆ ಜಾನುವಾರು ಕಡಿಯುವಂತಿಲ್ಲ. ಅಷ್ಟು ವಯಸ್ಸಾದ ಪ್ರಾಣಿಯ ಮಾಂಸ ನಿಧಾನವಾಗಿ ಬೇಯಿಸುವುದಕ್ಕೆ ಸರಿ, ಹತ್ತು ನಿಮಿಷದ ಅಡುಗೆಗೆ ಕಷ್ಟ. ಹಾಗಾಗಿ ನಮ್ಮ ಕಡೆ ಮನೆಯಲ್ಲಿ ಈ ಊಟ ಮಾಡಬೇಕು ಅಂದರೆ ಎಳೆ ಕುರಿಯ ತೊಡೆಯೇ ದಾರಿ. ನಿಮ್ಮ ಲೇಖನ ಇದನ್ನೂ ಹೇಳಲಿಲ್ಲ. ಯಾವ ಪ್ರಾಣಿಯ ಮಾಂಸ ಅಂತಲೇ ಬರೆದಿರಲಿಲ್ಲ.

ನಾಲ್ಕು ವರ್ಷದಿಂದ ತಿಂಗಳಿಗೊಮ್ಮೆಯಾದರೂ ನಾನು ಇದನ್ನು ಮಾಡುತ್ತಿದ್ದೇನೆ. ಕಲಿತದ್ದನ್ನು ಬರೆಯುತ್ತೇನೆ, ಪುಟದಲ್ಲಿ ಜಾಗ ಇದ್ದರೆ ಹಾಕಿ.

ಮೊದಲನೇ ಸಲ ಪೂರ್ತಿ ಕೆಟ್ಟಿತು. ಮಗಳ ಹುಟ್ಟುಹಬ್ಬ. ಬೆಳಗ್ಗೆ ಆರಕ್ಕೇ ಹೋಗಿ ಆಗ ತಾನೇ ಕಡಿದ ಮಾಂಸ ತಂದೆ, ಇನ್ನೂ ಬೆಚ್ಚಗಿತ್ತು, ರಾತ್ರಿವರೆಗೆ ಕೆಡದಿರಲಿ ಅಂತ ಸೀದಾ ಫ್ರೀಜರ್‌ಗೆ ಹಾಕಿದೆ. ಸಂಜೆ ತೆಗೆದು, ಐಸ್ ಬಿಡಿಸಿ, ಮಸಾಲೆ ಹಚ್ಚಿ ಕಾವಲಿ ಮೇಲೆ ಹಾಕಿದರೆ ನೀರು ಬಿಟ್ಟುಕೊಂಡು ಬೂದು ಬಣ್ಣಕ್ಕೆ ತಿರುಗಿತು, ಅಗಿದರೆ ಹಲ್ಲಿಗೆ ಬಗ್ಗಲಿಲ್ಲ. ಮಕ್ಕಳು ಬ್ರೆಡ್, ಆಲೂಗಡ್ಡೆ ತಿಂದು ಎದ್ದರು. ಆಮೇಲೆ ಪಶುವೈದ್ಯರಾಗಿರುವ ಗೆಳೆಯರೊಬ್ಬರು ಕಾರಣ ಬಿಡಿಸಿ ಹೇಳಿದರು. ಪ್ರಾಣಿ ಸತ್ತ ಕೆಲವು ಗಂಟೆಗಳಲ್ಲಿ ಸ್ನಾಯು ಬಿಗಿ ಹಿಡಿಯುತ್ತದೆ, ಮತ್ತೆ ಸಡಿಲವಾಗೋಕೆ ಒಂದು ದಿನವಾದರೂ ಬೇಕು. ಬಿಗಿ ಹಿಡಿಯುವ ಮೊದಲೇ ಜೋರು ಚಳಿಗೆ ಸಿಕ್ಕಿದರೆ ಸ್ನಾಯು ಇನ್ನೂ ಮುದುಡಿಕೊಂಡು ಗಟ್ಟಿಯಾಗುತ್ತದೆ. ನಮ್ಮ ಸಾರಿನ ಅಡುಗೆಗೆ ಇದು ಅಡ್ಡ ಬರುವುದಿಲ್ಲ, ಒಂದು ಗಂಟೆ ಕುದಿಯುವುದರಲ್ಲಿ ಎಲ್ಲ ಮೆತ್ತಗಾಗುತ್ತದೆ. ಬೇರೆ ದೇಶಗಳಲ್ಲಿ ಸ್ಟೇಕ್‌ಗೆ ಅಂತ ಮಾಂಸವನ್ನು ತಣ್ಣನೆ ಕೋಣೆಯಲ್ಲಿ ವಾರಗಟ್ಟಲೆ ನೇತುಹಾಕಿ ಇಡುವುದು ಸುಮ್ನೆ ಅಲ್ಲ.

ಹಾಗಾಗಿ ಈಗ ಶನಿವಾರ ತಂದು ಭಾನುವಾರ ರಾತ್ರಿ ಮಾಡುತ್ತೇನೆ. ಬೆಳಗಿನ ಜಾವ ಕಡಿದು ನೇತುಹಾಕಿದ್ದನ್ನು ಹತ್ತು ಗಂಟೆ ಮೇಲೆ ಹೋಗಿ ತಂದು, ಫ್ರಿಜ್‌ನ ಕೆಳಗಿನ ಅರೆಯಲ್ಲಿ ಇಡುವುದು. ಫ್ರೀಜರ್ ಮುಟ್ಟುವುದಿಲ್ಲ. ಇಷ್ಟರಿಂದಲೇ ಅರ್ಧ ವ್ಯತ್ಯಾಸ ಆಯಿತು.

ಇನ್ನು ಕತ್ತರಿಸುವುದು. ನಮ್ಮ ಮಾಂಸದಂಗಡಿಗಳಲ್ಲಿ ಕೈ ಎಲ್ಲ ಸಾರಿನ ಪೀಸಿಗೆ ಪಳಗಿದೆ. ನಾನು ಮೊದಲ ಸಲ ತೊಡೆಯನ್ನು ಇಡಿಯಾಗಿ ಅಡ್ಡಕ್ಕೆ ಒಂದಿಂಚು ದಪ್ಪ ಕತ್ತರಿಸಿ ಕೊಡಿ ಅಂದಾಗ, “ಏನ್ ಸಾರ್, ಸಾರು ಮಾಡಲ್ವಾ?” ಅಂತ ಕೇಳಿದರು. “ಇಲ್ಲ ಭಾಯ್, ಕಾವಲಿ ಮೇಲೆ ಹಾಕೋಕೆ” ಅಂದೆ. ಕತ್ತಿ ಎತ್ತಿದವರು ಕೆಳಗಿಟ್ಟು, ಸಣ್ಣ ಚಾಕು ತೆಗೆದುಕೊಂಡು ಮೂಳೆವರೆಗೂ ನಿಧಾನವಾಗಿ ಸೀಳಿ, ಮೂಳೆಗೆ ಮಾತ್ರ ಒಂದೇ ಏಟು ಹಾಕಿದರು. ಅವರಿಗೆ ಕೆಲಸ ಗೊತ್ತು, ನಾವು ಕೇಳಬೇಕು ಅಷ್ಟೇ. ಈಗ ನನ್ನನ್ನು ನೋಡಿದ ತಕ್ಷಣ ಎಳೆ ಮರಿಯ ಹಿಂದಿನ ತೊಡೆ ಎತ್ತಿಡುತ್ತಾರೆ. ಐದು ಜನಕ್ಕೆ ಒಂದೂಕಾಲು ಕೆಜಿ ಸಾಕು. ಕೆಜಿಗೆ 800 ರೂಪಾಯಿ ಆಸುಪಾಸು ಕೊಡುತ್ತೇನೆ. ದುಡ್ಡು ಜಾಸ್ತಿಯೇ, ಆದ್ದರಿಂದಲೇ ಕೆಡಿಸಬಾರದು. ಮನೆಗೆ ತಂದ ಮೇಲೆ ಮೂಳೆಯ ಚೂರು ಅಂಟಿದೆಯಾ ಅಂತ ಬೆರಳಲ್ಲಿ ಸವರಿ ನೋಡಿ. ಮಕ್ಕಳಿರುವ ಮನೆಯಲ್ಲಿ ಇದನ್ನು ಮರೆಯಲೇಬೇಡಿ.

ಉಪ್ಪನ್ನು ಹಿಂದಿನ ರಾತ್ರಿಯೇ ಹಾಕಬೇಕು. ಕೆಜಿಗೆ ಸುಮಾರು 10 ಗ್ರಾಂ, ಅಂದರೆ ಎರಡು ಚಿಕ್ಕ ಚಮಚದಷ್ಟು ಪುಡಿ ಉಪ್ಪು. ಮೊದಲು ಉಪ್ಪು ಮಾಂಸದ ನೀರನ್ನು ಹೊರಗೆ ಎಳೆಯುತ್ತದೆ, ಆಮೇಲೆ ಅದೇ ಉಪ್ಪು ನೀರು ಒಳಗೆ ಹೋಗುತ್ತದೆ. ಮೂಲೆ ಮೂಲೆಗೂ ರುಚಿ ಹಿಡಿಯುತ್ತದೆ, ಬೇಯುವಾಗ ರಸವೂ ಕಡಿಮೆ ಸೋರುತ್ತದೆ. ಕಾವಲಿಗೆ ಹಾಕುವ ಹತ್ತು ನಿಮಿಷ ಮೊದಲು ಉಪ್ಪು ಹಾಕಿದರೆ ಮಾತ್ರ ನೀರು ಹೊರಗೆ ಬಂದು ನಿಂತಿರುತ್ತದೆ, ಒಳಗೆ ಹೋಗೋಕೆ ಹೊತ್ತಿರುವುದಿಲ್ಲ. ಅಗಲವಾದ ಸ್ಟೀಲ್ ತಟ್ಟೆಯಲ್ಲಿ ಹರಡಿ, ಪೂರ್ತಿ ಮುಚ್ಚದೆ ಇಡುತ್ತೇನೆ, ಮೇಲ್ಮೈ ಒಣಗಲಿ ಅಂತ. ಪ್ರಾಣಿ ಸ್ವಲ್ಪ ಬಲಿತದ್ದು ಅನ್ನಿಸಿದರೆ ಪರಂಗಿಕಾಯಿ ಅರೆದು ಅರ್ಧ ಚಮಚ ಹಚ್ಚಿ ಅರ್ಧ ಗಂಟೆ ಬಿಟ್ಟು ಒರೆಸಬಹುದು. ಅದಕ್ಕಿಂತ ಜಾಸ್ತಿ ಬೇಡ, ಮೇಲೆಲ್ಲ ಹಿಟ್ಟು ಹಿಟ್ಟಾಗುತ್ತದೆ.

ಈಗ ಕಾವಲಿ. ಇದನ್ನು ಬರೆಯೋಕೆ ಅಂತಲೇ ನಾನು ಈ ಪತ್ರ ಶುರು ಮಾಡಿದ್ದು. ಹೊಸ ಗ್ರಿಲ್ ಪ್ಯಾನ್ ಬೇಡ. ಅಜ್ಜಿ ಕಾಲದ ಬೀಡು ಕಬ್ಬಿಣದ ದೋಸೆ ಕಾವಲಿ ಮನೆಯಲ್ಲಿ ಇದ್ದರೆ ಅದಕ್ಕಿಂತ ಒಳ್ಳೆಯದು ಇಲ್ಲ. ಭಾರ ಇರುವುದರಿಂದ ಬಿಸಿ ಹಿಡಿದಿಟ್ಟುಕೊಳ್ಳುತ್ತದೆ, ತಣ್ಣನೆ ಮಾಂಸ ಬಿದ್ದರೂ ಒಮ್ಮೆಲೇ ಆರುವುದಿಲ್ಲ. ತೆಳು ನಾನ್‌ಸ್ಟಿಕ್ ಬೇಡವೇ ಬೇಡ, ಅಷ್ಟು ಬಿಸಿ ಅದರ ಲೇಪಕ್ಕೆ ಒಳ್ಳೆಯದಲ್ಲ. ಮಾಂಸವನ್ನು ಹತ್ತಿ ಬಟ್ಟೆಯಲ್ಲಿ ಒತ್ತಿ ಒತ್ತಿ ಒರೆಸಿ. ಯಾಕೆ ಅಂದರೆ, ಮೇಲೆ ನೀರಿನ ಪಸೆ ಇರುವವರೆಗೆ ಆ ಜಾಗದ ಬಿಸಿ ಕುದಿಯುವ ನೀರಿನ ಮಟ್ಟ ದಾಟುವುದಿಲ್ಲ. ನಮ್ಮ ಕೋಲಾರ ಸಮುದ್ರ ಮಟ್ಟದಿಂದ 800 ಮೀಟರಿಗಿಂತ ಮೇಲಿದೆ, ಇಲ್ಲಿ ನೀರು 97 ಡಿಗ್ರಿಯ ಹತ್ತಿರವೇ ಕುದಿಯುತ್ತದೆ. ಮಾಂಸ ಕಂದು ಬಣ್ಣಕ್ಕೆ ತಿರುಗಿ ಆ ಹುರಿದ ಪರಿಮಳ ಬರಬೇಕಾದರೆ 140 ಡಿಗ್ರಿ ಆಸುಪಾಸು ಬೇಕು. ಮಯಾರ್ ಅನ್ನುವ ಫ್ರೆಂಚ್ ರಸಾಯನ ವಿಜ್ಞಾನಿ 1912ರಲ್ಲಿ ಇದರ ಬಗ್ಗೆ ಬರೆದರು, ಅವರ ಹೆಸರೇ ಈ ಕ್ರಿಯೆಗೆ ನಿಂತಿದೆ. ದೋಸೆಯ ಕೆಂಪು, ಬ್ರೆಡ್ಡಿನ ಮೇಲಿನ ಕಂದು, ಹುರಿದ ಕಾಫಿ ಬೀಜದ ವಾಸನೆ, ಎಲ್ಲದರಲ್ಲೂ ಇದೇ ಇದೆ. ಒದ್ದೆ ಮಾಂಸ ಹಾಕಿದರೆ ಬರೀ ಆವಿಯಲ್ಲಿ ಬೇಯುತ್ತದೆ. ನನ್ನ ಮೊದಲ ಸಲದ ಬೂದು ಬಣ್ಣಕ್ಕೆ ಕಾರಣ ಅದು. ಕೆಜಿಎಫ್‌ನ ಆಂಟಿ ಅಮ್ಮನಿಗೆ ಯಾವಾಗಲೂ ಹೇಳುತ್ತಿದ್ದದ್ದೂ ಇದೇ, ಮಾಂಸ ಒಣಗಿರಬೇಕು, ಬಾಣಲೆ ಹೊಗೆಯಾಡಬೇಕು ಅಂತ. ಅವರಿಗೆ ಡಿಗ್ರಿ ಲೆಕ್ಕ ಬೇಕಿರಲಿಲ್ಲ.

ಐದು ನಿಮಿಷ ಖಾಲಿ ಕಾವಲಿ ಕಾಯಿಸಿ, ಒಂದು ಚಮಚ ಕಡಲೆಕಾಯಿ ಎಣ್ಣೆ ಸವರಿ, ಎಣ್ಣೆ ಮೇಲೆ ಸಣ್ಣ ಹೊಗೆ ಕಂಡಾಗ ಮಾಂಸ ಇಡಿ. ಕಿಟಕಿ ತೆಗೆದಿರಲಿ. ಒಂದು ಸಲಕ್ಕೆ ಎರಡೇ ತುಂಡು, ಮೂರನೆಯದು ತುರುಕಿದರೆ ಕಾವಲಿ ಆರುತ್ತದೆ. ಮೊದಲ ಒಂದೂವರೆ ನಿಮಿಷ ಮುಟ್ಟಬೇಡಿ, ತಾನಾಗಿ ಕಾವಲಿ ಬಿಡುತ್ತದೆ. ಆಮೇಲೆ ಅರ್ಧರ್ಧ ನಿಮಿಷಕ್ಕೆ ತಿರುಗಿಸುತ್ತಾ ಇರಿ, ಎರಡೂ ಕಡೆ ಒಂದೇ ಸಮ ಬೇಯುತ್ತದೆ. ಒಂದಿಂಚಿನ ತುಂಡಿಗೆ ಒಟ್ಟು ಏಳೆಂಟು ನಿಮಿಷ. ಕೊನೆಯ ಒಂದು ನಿಮಿಷ ಉರಿ ತಗ್ಗಿಸಿ ಒಂದು ಚಮಚ ಬೆಣ್ಣೆ, ಜಜ್ಜಿದ ನಾಲ್ಕು ಎಸಳು ಬೆಳ್ಳುಳ್ಳಿ ಹಾಕಿ ಆ ಬೆಣ್ಣೆಯನ್ನೇ ಚಮಚದಲ್ಲಿ ಮೇಲೆ ಮೇಲೆ ಸುರಿಯಿರಿ. ಬೆಣ್ಣೆ ಮೊದಲೇ ಹಾಕಿದರೆ ಅದರಲ್ಲಿರುವ ಹಾಲಿನ ಅಂಶ ಸೀಯುತ್ತದೆ. ಕಾಳುಮೆಣಸೂ ಹಾಗೇ, ಕುಟ್ಟಿ ಇಳಿಸಿದ ಮೇಲೆ ಉದುರಿಸುವುದು.

ಜೋರು ಉರಿ ಕೊಟ್ಟರೆ ಒಳಗಿನ ರಸಕ್ಕೆ ಮೊಹರು ಬೀಳುತ್ತದೆ ಅಂತ ಎಷ್ಟೋ ಜನ ಹೇಳುತ್ತಾರೆ. ಇದು 19ನೇ ಶತಮಾನದಲ್ಲಿ ಲೀಬಿಗ್ ಅನ್ನುವ ಜರ್ಮನ್ ವಿಜ್ಞಾನಿ ಹೇಳಿದ ಮಾತು, ಆಮೇಲೆ ತಪ್ಪು ಅಂತ ಗೊತ್ತಾಗಿದೆ. ಹುರಿದ ಪದರದಿಂದಲೂ ರಸ ಸೋರುತ್ತದೆ, ಆ ಚುಂಯ್ ಅನ್ನುವ ಸದ್ದೇ ಸೋರಿದ ರಸದ್ದು. ಜೋರು ಉರಿ ಬೇಕಾಗಿರುವುದು ರುಚಿಗೆ. ರಸ ಉಳಿಯಬೇಕು ಅಂದರೆ ಜಾಸ್ತಿ ಬೇಯಿಸದೆ ಇರುವುದೇ ಮುಖ್ಯ ಉಪಾಯ.

ಬೆಂದದ್ದು ಗೊತ್ತಾಗುವುದು ಹೇಗೆ ಅನ್ನುವುದಕ್ಕೆ ನನ್ನ ಉತ್ತರ ಒಂದೇ, ಚುಚ್ಚಿ ನೋಡುವ ಅಡುಗೆ ಥರ್ಮಾಮೀಟರ್. ಸಾವಿರ ರೂಪಾಯಿ ಒಳಗೇ ಸಿಗುತ್ತದೆ. ಇಡೀ ತುಂಡಿನ ಕುರಿ, ದನದ ಮಾಂಸಕ್ಕೆ ಒಳಗೆ 63 ಡಿಗ್ರಿ, ಆಮೇಲೆ ಮೂರು ನಿಮಿಷ ಬಿಡಬೇಕು ಅಂತ ಅಮೆರಿಕದ ಕೃಷಿ ಇಲಾಖೆ ಹೇಳುತ್ತದೆ, ಕೈಮಾಗೆ 71. ನಮ್ಮ ಅಮ್ಮನಿಗೆ ಒಳಗೆ ಕೆಂಪು ಕಂಡರೆ ಆಗುವುದಿಲ್ಲ. “ಇದು ಬೆಂದಿದ್ಯಾ ಮಗಾ?” ಅಂತ ಮೊದಲ ತುತ್ತಿಗೇ ಕೇಳುತ್ತಾರೆ. ಅವರ ತುಂಡು 70ಕ್ಕೆ, ಉಳಿದವರದ್ದು 65ಕ್ಕೆ ಇಳಿಸುತ್ತೇನೆ. ಆ ಕೆಂಪು ರಸ ರಕ್ತ ಅಲ್ಲ, ಸ್ನಾಯುವಿನಲ್ಲಿರುವ ಮಯೋಗ್ಲೋಬಿನ್ ಅನ್ನುವ ಬಣ್ಣ ಅಂತ ಹೇಳಿದ್ದೇನೆ, ಅವರು ಒಪ್ಪಿಲ್ಲ. ವಯಸ್ಸಾದವರು, ಬಸುರಿಯರು ಇದ್ದರೆ ಅವರಿಗೆ ಪೂರ್ತಿ ಬೇಯಿಸಿದ್ದನ್ನೇ ಕೊಡಿ, ಇದರಲ್ಲಿ ಹಟ ಬೇಡ. ಇಳಿಸಿದ ಮೇಲೆ ಐದಾರು ನಿಮಿಷ ತಟ್ಟೆಯಲ್ಲಿ ಸುಮ್ನೆ ಬಿಡಬೇಕು. ತಕ್ಷಣ ಕೊಯ್ದರೆ ರಸವೆಲ್ಲ ತಟ್ಟೆಗೆ ಹರಿಯುತ್ತದೆ.

ಆ ಐದು ನಿಮಿಷದಲ್ಲಿ ಅದೇ ಕಾವಲಿಯಲ್ಲಿ ಜೊತೆಗಿನದ್ದೆಲ್ಲ ಮುಗಿಯುತ್ತದೆ. ಇದಕ್ಕೆ ಹೊರಗಿನದ್ದು ಏನೂ ಬೇಡ, ಎಲ್ಲ ನಮ್ಮ ಮಣ್ಣಲ್ಲೇ ಬೆಳೆಯುತ್ತದೆ. ಸಣ್ಣ ಆಲೂಗಡ್ಡೆಯನ್ನು ಮೊದಲೇ ಉಪ್ಪು ನೀರಲ್ಲಿ ಬೇಯಿಸಿಟ್ಟಿರಬೇಕು, ಅಂಗೈಯಲ್ಲಿ ಒತ್ತಿ ಚಪ್ಪಟೆ ಮಾಡಿ ಮಾಂಸದ ಕೊಬ್ಬು ಉಳಿದ ಕಾವಲಿಯಲ್ಲಿ ಎರಡೂ ಕಡೆ ಗರಿ ಮಾಡಿ. ಒಡೆದ ಅಂಚುಗಳೇ ರುಚಿ. ಬೀನ್ಸ್ ನಾಲ್ಕು ನಿಮಿಷ ಕುದಿಸಿ ಬಸಿದು ಕಾವಲಿಯಲ್ಲಿ ಒಂದು ಸಲ ಹೊರಳಿಸಿದರೆ ಆಯಿತು. ಟೊಮೆಟೊ ಅಡ್ಡಕ್ಕೆ ಎರಡು ಹೋಳು ಮಾಡಿ, ಕೊಯ್ದ ಕಡೆ ಕೆಳಗೆ ಮಾಡಿ ಎರಡು ನಿಮಿಷ.

ಟೊಮೆಟೊ ಬಗ್ಗೆ ಎರಡು ಮಾತು ಹೇಳದೆ ಇರೋಕೆ ಆಗುವುದಿಲ್ಲ. 2023ರ ಜುಲೈನಲ್ಲಿ ನಮ್ಮ ಕೋಲಾರ ಎಪಿಎಂಸಿಯಲ್ಲಿ 15 ಕೆಜಿಯ ಬಾಕ್ಸ್ 2,000 ರೂಪಾಯಿ ದಾಟಿತ್ತು, ದೇಶದ ಪತ್ರಿಕೆಗಳೆಲ್ಲ ಬರೆದವು. ಅದೇ ರೈತ ಬೆಲೆ ಬಿದ್ದ ವರ್ಷ ಕಿತ್ತ ಕೂಲಿ ಹುಟ್ಟದೆ ರಸ್ತೆ ಬದಿ ಸುರಿದು ಹೋಗುವುದನ್ನೂ ನಾವು ನೋಡಿದ್ದೇವೆ. ಅಷ್ಟು ಒಳ್ಳೆ ಹಣ್ಣು ಕೈಗೆ ಸಿಗುವಾಗ ನಿಮ್ಮ ಪುಟದಲ್ಲಿ ಡಬ್ಬದ ಸಾಸ್ ಹೇಳಿದ್ದು ನನಗೆ ನೋವಾಯಿತು. ಹಣ್ಣಾದ ಟೊಮೆಟೊದಲ್ಲಿ ಗ್ಲುಟಮೇಟ್ ಅನ್ನುವ ರುಚಿ ಕೊಡುವ ಅಂಶ ತಾನಾಗೇ ಇರುತ್ತದೆ, ಮಾಂಸದ ರುಚಿಯನ್ನು ಎತ್ತುವುದು ಅದೇ. ಹುಳಿಯಿಂದ ಬೀಡಿನ ಕಾವಲಿಯ ಎಣ್ಣೆ ಪದರ ಸ್ವಲ್ಪ ಮಾಸಬಹುದು, ಜಾಸ್ತಿ ಹೊತ್ತು ಬಿಡದೆ ತೊಳೆದು ಎಣ್ಣೆ ಸವರಿದರೆ ಸರಿಹೋಗುತ್ತದೆ.

ಕೊನೆಗೆ ಕಾವಲಿಗೆ ಅರ್ಧ ಲೋಟ ನೀರು ಸುರಿದು, ತಳಕ್ಕೆ ಅಂಟಿದ ಕಂದು ಗಸಿಯನ್ನೆಲ್ಲ ಮರದ ಸೌಟಿನಲ್ಲಿ ಕೆರೆದು, ತಟ್ಟೆಯಲ್ಲಿ ಸೋರಿದ ಮಾಂಸದ ರಸವನ್ನೂ ಅದಕ್ಕೇ ಸೇರಿಸಿ ಒಂದು ಕುದಿ ಬರಿಸಿದರೆ ತೆಳ್ಳಗಿನ ಗೊಜ್ಜಿನ ಥರ ಆಗುತ್ತದೆ. ಮಕ್ಕಳು ಬ್ರೆಡ್ ಅದ್ದಿಕೊಳ್ಳುತ್ತಾರೆ. ಅಮ್ಮ ಸಣ್ಣದೊಂದು ಮುದ್ದೆ ಕಟ್ಟಿಕೊಂಡು ಅದ್ದಿ ನುಂಗುತ್ತಾರೆ. ಹಸಿ ಈರುಳ್ಳಿ, ನಿಂಬೆಹಣ್ಣು ಪಕ್ಕಕ್ಕೆ. ಅಷ್ಟೇ ಊಟ, ಹೊಟ್ಟೆ ತುಂಬುತ್ತದೆ.

ಈಗ ನನ್ನ ಕೋರಿಕೆ. ಮಾಂಸದ ಅಡುಗೆ ಹಾಕುವಾಗ ಯಾವ ಭಾಗ, ಎಷ್ಟು ದಪ್ಪ, ಎಷ್ಟು ನಿಮಿಷ, ಯಾಕೆ ಅನ್ನುವುದನ್ನು ದಯವಿಟ್ಟು ಹಾಕಿ. ಯುಗಾದಿ ಮಾರನೇ ದಿನದ ಹೊಸತೊಡಕಿಗೆ ನಮ್ಮ ಕಡೆ ಮನೆ ಮನೆಯಲ್ಲೂ ಮಾಂಸ ತರುತ್ತಾರೆ, ಅದಕ್ಕೆ ವಾರ ಮೊದಲೇ ಇಂಥದ್ದೊಂದು ಪುಟ ಬಂದರೆ ಎಷ್ಟೋ ಜನ ಮಾಡಿ ನೋಡುತ್ತಾರೆ.

ಇನ್ನೊಂದು. ಗಣಿ ಮುಚ್ಚಿದ್ದು 2001ರ ಫೆಬ್ರವರಿ 28. ಅದಕ್ಕೂ ಮೊದಲೇ ಆ ಬಂಗಲೆಗಳ ಎಷ್ಟೋ ಕುಟುಂಬಗಳು ಆಸ್ಟ್ರೇಲಿಯಾ, ಇಂಗ್ಲೆಂಡಿಗೆ ಹೋಗಿದ್ದವು, ನಮ್ಮ ಆಂಟಿಯ ಮನೆಯವರೂ ಹೋದರು. ಅಮ್ಮ ಅವರಿಂದ ಏನನ್ನೂ ಬರೆದಿಟ್ಟುಕೊಳ್ಳಲಿಲ್ಲ, ನೋಡಿ ಕಲಿತದ್ದು ಅಷ್ಟೇ. ಅವರ ಪೆಪ್ಪರ್ ಸ್ಟೇಕ್‌ನಲ್ಲಿ ಕಾಳುಮೆಣಸಿನ ಜೊತೆ ಇನ್ನೇನೋ ಒಂದು ಇತ್ತು, ವಿನೆಗರ್ ಇರಬಹುದು ಅಂತ ಅಮ್ಮ, ಅಲ್ಲ ಅಂತ ನನ್ನ ನಾಲಿಗೆ. ಕೆಜಿಎಫ್‌ನ ರಾಬರ್ಟ್‌ಸನ್ ಪೇಟೆ, ಆಂಡರ್ಸನ್ ಪೇಟೆ, ಊರ್ಗಾಂ ಕಡೆ ಇನ್ನೂ ಕೆಲವು ಮನೆಗಳಲ್ಲಿ ಕೈಬರಹದ ಅಡುಗೆ ಪುಸ್ತಕಗಳು ಇದ್ದೇ ಇರುತ್ತವೆ. ನಿಮ್ಮ ವರದಿಗಾರರೊಬ್ಬರನ್ನು ಒಂದು ದಿನ ಆ ಮನೆಗಳಿಗೆ ಕಳಿಸಿ. ಅಮ್ಮನಿಗೆ ಈಗ 81, ಆ ಪುಟ ಬಂದ ದಿನ ನಾನೇ ಓದಿ ಹೇಳುತ್ತೇನೆ.

ಇಂತಿ,
ನಿಮ್ಮ ಓದುಗ,
ಕೋಲಾರ